ಕಲ್ಯಾಣಕಾರಕದ ವಾದ ಮತ್ತು ಹಂದಿಯ ಮೇದೋಜೀರಕ

ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ದ ಕೊನೆಯಲ್ಲಿರುವ ಹಿತಾಹಿತಾಧ್ಯಾಯವನ್ನು ನಮ್ಮವರು ಅಭಿಮಾನದಿಂದ ಸ್ಮರಿಸುತ್ತಾರೆ. ನೃಪತುಂಗನ ಸಭೆಯಲ್ಲಿ, ವೈದ್ಯರ ಸಮ್ಮುಖದಲ್ಲಿ, ಮಾಂಸವು ಔಷಧವಾಗಲಾರದೆಂದು ಆಚಾರ್ಯರು ಪ್ರತಿಪಾದಿಸಿದ ಪ್ರಕರಣವದು. ಬೀದರಿನವರಾದ ನಮಗೆ ಮಳಖೇಡ ದೂರವಲ್ಲ. ಆದುದರಿಂದ ಅಭಿಮಾನ ತುಸು ಹೆಚ್ಚೇ. ಆದರೂ ಆ ವಾದದ ಒಂದಂಶ ದುರ್ಬಲವೆಂದು ನನಗೆ ತೋರುತ್ತದೆ. ಮಾಂಸ ನಿರುಪಯುಕ್ತ, ಆದುದರಿಂದ ವರ್ಜ್ಯ ಎಂದರೆ, ಅದು ಉಪಯುಕ್ತವೆಂದು ಸಿದ್ಧವಾದ ದಿನ ನಾವೇನು ಹೇಳಬೇಕು?

ಮಧುಮೇಹದ ಮಟ್ಟಿಗೆ ಆ ದಿನ ಬಂದು ನೂರು ವರ್ಷ ಕಳೆದಿದೆ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ನಾಯಿಯ ಮೇದೋಜೀರಕವನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದಿತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆಯೇ ಪ್ರಯೋಗಿಸಿ ಇನ್ಸುಲಿನ್ ಪಡೆದರು. 1982ರಲ್ಲಿ ಸೂಕ್ಷ್ಮಾಣುಗಳಿಂದ ತಯಾರಿಸಿದ ಇನ್ಸುಲಿನ್ ಮಾರುಕಟ್ಟೆಗೆ ಬರುವವರೆಗೂ ಆ ಔಷಧ ದೊರೆಯುತ್ತಿದ್ದುದು ಕಸಾಯಿಖಾನೆಯ ದನ, ಹಂದಿಗಳ ಗ್ರಂಥಿಯಿಂದ. ಭಾಲ್ಕಿಯ ನಮ್ಮ ಸೋದರತ್ತೆ ಬೇಸಿಗೆಯಲ್ಲಿ ಅದರ ಸೀಸೆಯನ್ನು ನೀರಿನ ಮಡಕೆಯ ಬದಿಯ ಒದ್ದೆ ಮರಳಿನಲ್ಲಿಟ್ಟು ಕಾಪಾಡುತ್ತಿದ್ದರು. ರಾತ್ರಿಭೋಜನ ತ್ಯಜಿಸಿದ್ದ ಅವರಿಗೆ ಅದು ಎಲ್ಲಿಂದ ಬಂದುದೆಂದು ನಾವು ಯಾರೂ ಹೇಳಲಿಲ್ಲ. ಹೇಳಬೇಕಿತ್ತೇ? ಇಂದಿಗೂ ನಿರ್ಣಯಿಸಲಾರೆ.

ಇನ್ಸುಲಿನ್ ಸ್ರವಿಸುವ ಕೋಶಪುಂಜಗಳನ್ನು, ಅಂದರೆ ಲ್ಯಾಂಗರ್‌ಹಾನ್ಸ್ ದ್ವೀಪಗಳನ್ನು, ನಾಟಿ ಮಾಡುವ ಸಂಶೋಧನೆಯೂ ಇದೇ ಹಾದಿಯದು. ಇಲಿಗೆ ಸ್ಟ್ರೆಪ್ಟೊಜೊಟೋಸಿನ್ ಚುಚ್ಚಿ ಆ ಕೋಶಗಳನ್ನು ನಾಶಪಡಿಸುವುದು. ಬಳಿಕ ಬೇರೆ ಇಲಿಗಳನ್ನು ಕೊಂದು ಅವುಗಳ ದ್ವೀಪಗಳನ್ನು ಇದರೊಳಗೆ ಸೇರಿಸುವುದು. 1972ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಬ್ಯಾಲಿಂಜರ್ ಮತ್ತು ಲೇಸಿ ದ್ವೀಪಗಳ ನಾಟಿಯಿಂದ ಇಲಿಗಳ ಮಧುಮೇಹವನ್ನು ತಗ್ಗಿಸಿದರು. 2000ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಮೃತ ದಾನಿಗಳ ದ್ವೀಪಗಳನ್ನು ಪಡೆದ 7 ರೋಗಿಗಳು ಇನ್ಸುಲಿನ್ ಬಿಟ್ಟು ಬದುಕಿದ ವರದಿ ಬಂದಿತು. ಪ್ರಾಣಿಪ್ರಯೋಗದಿಂದ ಫಲವೇ ಇಲ್ಲವೆಂದು ನಮ್ಮ ವೇದಿಕೆಗಳಲ್ಲಿ ಕೇಳಿಬರುವ ಮಾತು ಆದುದರಿಂದ ಸತ್ಯವಲ್ಲ. ಎರಡನೆಯ ವ್ರತವನ್ನು ಮುರಿದು ಮೊದಲನೆಯದನ್ನು ರಕ್ಷಿಸಲಾದೀತೇ?

ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೂ ಪರಿಶೀಲನೆಗೆ ಅರ್ಹ. ಇಲಿ, ಮೊಲ, ಕಪ್ಪೆಗಳಿಂದ ಅದೇ ಫಲ ದೊರೆಯುವುದಾದರೆ ದೊಡ್ಡ ಪ್ರಾಣಿಗಳನ್ನು ಬಿಡಬೇಕೆಂಬ ಆಶಯ ಅದರಲ್ಲಿದೆ. ಗಾತ್ರವನ್ನು ಅಳೆಯುವ ಈ ದೃಷ್ಟಿ ನಮ್ಮದಲ್ಲ. ನಮ್ಮ ಶಾಸ್ತ್ರ ಎಣಿಸುವುದು ಇಂದ್ರಿಯಗಳನ್ನು. ಔರಾದದ ರೈತನ ದೇವಣಿ ಎತ್ತಿಗೂ ಪಂಜರದ ಇಲಿಗೂ ಇಂದ್ರಿಯ ಐದೇ.

ಹಂದಿಯ ದ್ವೀಪಗಳ ವಿಷಯ ಇನ್ನೂ ಬೇರೆ. 2006ರಲ್ಲಿ ಕೋತಿಗಳ ದೇಹದಲ್ಲಿ ಅವು ನೂರು ದಿನ ದಾಟಿ ಕೆಲಸ ಮಾಡಿದುವು. ಇಲ್ಲಿ ಪ್ರಯೋಗ ಗೆದ್ದರೂ ಹತ್ಯೆ ಮುಗಿಯದು. ಪ್ರತಿಯೊಬ್ಬ ರೋಗಿಗೂ ಹೊಸ ಹಂದಿ ಬೇಕು. ಪ್ರಯೋಗಶಾಲೆಯ ಹಿಂಸೆಗೆ ಒಂದು ಕೊನೆಯಾದರೂ ಉಂಟೆಂದು ವಾದಿಸಬಹುದು, ಈ ಹಿಂಸೆಗೆ ಅದೂ ಇಲ್ಲ. ಅನ್ಯಮಾರ್ಗವಿಲ್ಲವೆಂಬ ಸಮರ್ಥನೆಯೂ ಈಗ ಸಡಿಲವಾಗಿದೆ. ಮಾನವ ಮೂಲಕೋಶಗಳಿಂದ ಬೆಳೆಸಿದ ದ್ವೀಪಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಮಂದಿಯಲ್ಲಿ 10 ಮಂದಿಗೆ ಒಂದು ವರ್ಷದ ಬಳಿಕ ಇನ್ಸುಲಿನ್ ಬೇಕಾಗಲಿಲ್ಲವೆಂದು 2025ರಲ್ಲಿ ಪ್ರಕಟವಾಯಿತು. ದೇಹ ಅವನ್ನು ತಿರಸ್ಕರಿಸದಂತೆ ಉಗ್ರ ಮದ್ದುಗಳನ್ನು ಅವರು ಸೇವಿಸುತ್ತಲೇ ಇರಬೇಕು. ಈ ವಿದ್ಯೆಯ ಹಿಂದೆಯೂ ಇಲಿಗಳ ಋಣವಿದೆ, ಅದನ್ನು ಮುಚ್ಚಿಡಲಾರೆ. ಔರಾದದ ಮಗುವೊಂದಕ್ಕೆ ಇಂದು ಇನ್ಸುಲಿನ್ ಕೊಡಬೇಡಿರೆಂದೂ ನಾನು ಹೇಳಲಾರೆ. ನನ್ನ ಆಕ್ಷೇಪವಿರುವುದು ಹಂದಿಯನ್ನು ಔಷಧದ ಕಣಜವಾಗಿಸುವ ಯೋಜನೆಗೆ, ಅದು ಫಲಿಸಿದರೂ ಸಹ.