ಲ್ಯಾಪ್‌ಟಾಪಿಗೂ ಒಂದು ಖಾತೆ ಬದಲಾವಣೆ

ಅಕ್ಕನ ಮಗಳು ಹಾಸನದಲ್ಲಿ ಬಿಸಿಎ ಓದ್ತಿದ್ದಾಳೆ. ಹೋದ ವರ್ಷ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅವಳಿಗೊಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಡಿಸಿದ್ದೆ. ಎಂಟನೇ ಜನರೇಷನ್ ಐ5, 8 ಜಿಬಿ ರ‍್ಯಾಮ್, 17,500 ರೂಪಾಯಿ, ಕೈಬರಹದ ಬಿಲ್. ನಾಲ್ಕು ತಿಂಗಳು ಚೆನ್ನಾಗೇ ಓಡಿತು. ಆಮೇಲೆ ಸ್ಲೋ ಆಯ್ತು ಅಂತ ಅವಳೇ ರಿಸೆಟ್ ಕೊಟ್ಟಳು. ಮತ್ತೆ ಆನ್ ಆಗಿ, ವೈಫೈ ಪಾಸ್‌ವರ್ಡ್ ಹಾಕಿದ ಮೇಲೆ ನೋಡಿದರೆ ಪರದೆ ತುಂಬಾ ಯಾವುದೋ ಕಂಪನಿಯ ಲೋಗೋ, ಸ್ವಾಗತ, ಕೆಳಗೆ ಆಫೀಸ್ ಇಮೇಲ್ ಹಾಕಿ ಅನ್ನೋ ಜಾಗ. ಫೋನ್ ಮಾಡಿ "ಮಾಮ, ನಂಗೆ ಕೆಲಸ ಸಿಕ್ತು ಅನ್ಸುತ್ತೆ" ಅಂದಳು. ಇಬ್ಬರೂ ನಕ್ಕೆವು. ಪ್ರಾಜೆಕ್ಟ್ ಸಬ್ಮಿಷನ್‌ಗೆ ಹನ್ನೆರಡು ದಿನ ಉಳಿದಿದೆ ಅಂತ ಆಮೇಲೆ ಹೇಳಿದಳು.

ಆ ಸ್ವಾಗತದ ಪರದೆಯನ್ನ ಒಂದು ಬರಹದ ಹಾಗೆ ಓದಿ ನೋಡಿ. ಹೊಸದಾಗಿ ಸೇರಿದ ಉದ್ಯೋಗಿ ಪೆಟ್ಟಿಗೆ ಒಡೆದು ಲ್ಯಾಪ್‌ಟಾಪ್ ತೆಗೀತಾನೆ, ಇಮೇಲ್ ಹಾಕ್ತಾನೆ, ಬೇಕಾದ ಸಾಫ್ಟ್‌ವೇರ್ ತಾನಾಗೇ ಇಳಿಯುತ್ತೆ. ಮೈಕ್ರೋಸಾಫ್ಟ್ ಇದಕ್ಕೆ ಆಟೋಪೈಲಟ್ ಅಂತ ಹೆಸರಿಟ್ಟಿದೆ. ಯಂತ್ರದ ಬಿಡಿಭಾಗಗಳ ವಿವರದಿಂದ ಒಂದು ಗುರುತು ತಯಾರಾಗಿ, ಕಂಪನಿಯ ಹೆಸರಲ್ಲಿ ಸರ್ವರ್‌ನಲ್ಲಿ ದಾಖಲಾಗಿರುತ್ತೆ. ವಿಂಡೋಸ್ ಎಷ್ಟು ಸಲ ಹೊಸದಾಗಿ ಹಾಕಿದ್ರೂ, ಹಾರ್ಡ್ ಡಿಸ್ಕನ್ನೇ ಬದಲಿಸಿದ್ರೂ, ನೆಟ್ ಸಿಕ್ಕ ಕೂಡಲೇ ಅದು ಹಳೇ ಯಜಮಾನನನ್ನೇ ಹುಡುಕಿಕೊಂಡು ಹೋಗುತ್ತೆ. ಅಂಗಡಿಯವನು ನೆಟ್ ಕೊಡದೇ ಇನ್‌ಸ್ಟಾಲ್ ಮಾಡಿ ಮಾರಿದ್ದ, ಅದಕ್ಕೇ ನಾಲ್ಕು ತಿಂಗಳು ಗೊತ್ತಾಗಲಿಲ್ಲ. ಕೇಳಿದರೆ, "ಸಾರ್, ರಿಸೆಟ್ ಯಾಕೆ ಮಾಡೋಕೆ ಹೋದ್ರಿ?" ಅಂತ ನಮಗೇ ಬೈದ.

ಬೀಗದ ಬಗ್ಗೆ ನನಗೆ ತಕರಾರಿಲ್ಲ. ಕದ್ದ ಲ್ಯಾಪ್‌ಟಾಪ್ ಕಳ್ಳನಿಗೆ ಉಪಯೋಗಕ್ಕೆ ಬರಬಾರದು, ಸರಿ. ನನ್ನ ತಕರಾರು ಆ ಪರದೆ ಏನನ್ನ ಊಹಿಸಿಕೊಂಡೇ ಇಲ್ಲ ಅನ್ನೋದರ ಬಗ್ಗೆ. ಅದಕ್ಕೆ ಗೊತ್ತಿರೋದು ಉದ್ಯೋಗಿ ಮತ್ತು ಕಳ್ಳ, ಇಬ್ಬರೇ. ದುಡ್ಡು ಕೊಟ್ಟು ತಗೊಂಡವರು ಅಂತ ಮೂರನೇ ಜಾತಿ ಭೂಮಿ ಮೇಲಿದೆ ಅಂತಲೇ ಅದಕ್ಕೆ ಅನ್ನಿಸಿಲ್ಲ. 'ಇದನ್ನ ನಾನು ಕೊಂಡಿದ್ದೇನೆ, ಬಿಲ್ ಇಲ್ಲಿದೆ' ಅಂತ ಒತ್ತೋಕೆ ಒಂದು ಬಟನ್ ಆ ಪರದೆ ಮೇಲೆ ಎಲ್ಲೂ ಇಲ್ಲ. ಹಳೇ ಬೈಕ್ ಮಾರಿದರೆ ಫಾರಂ 29, ಫಾರಂ 30 ತುಂಬಿ ಆರ್‌ಟಿಒದಲ್ಲಿ ಹೆಸರು ಬದಲಾಯಿಸ್ತೀವಿ. ಸೈಟ್ ಕೊಂಡರೆ ಖಾತೆ ಬದಲಾವಣೆಗೆ ಅಲೀತೀವಿ, ಬೈಕೊಂಡಾದರೂ ಅಲೀತೀವಿ. ಕಿಟಕಿ ಅಂತೂ ಒಂದು ಇರುತ್ತಲ್ಲ. ಇಲ್ಲಿ ಅದೂ ಇಲ್ಲ.

ಹಳೇ ಡೆಸ್ಕ್‌ಟಾಪ್‌ಗಳ ಬೀಗ ಬೇರೆ ಥರ ಇತ್ತು. ಬಯಾಸ್ ಪಾಸ್‌ವರ್ಡ್ ಮರೆತರೆ ಕ್ಯಾಬಿನೆಟ್ ಬಿಚ್ಚಿ, ನಾಣ್ಯದಂಥ ಸಿಆರ್2032 ಬ್ಯಾಟರಿ ಸ್ವಲ್ಪ ಹೊತ್ತು ತೆಗೆದಿಟ್ಟರೆ, ಇಲ್ಲಾ ಒಂದು ಜಂಪರ್ ಪಕ್ಕದ ಪಿನ್ನಿಗೆ ಸರಿಸಿದರೆ ಬಹಳಷ್ಟು ಬೋರ್ಡುಗಳಲ್ಲಿ ಅಳಿಸಿಹೋಗ್ತಿತ್ತು. ಸ್ಕ್ರೂಡ್ರೈವರ್ ಹಿಡಿದು ಯಂತ್ರದ ಮುಂದೆ ಕೂತವನೇ ಯಜಮಾನ ಅನ್ನೋ ಒರಟು ನ್ಯಾಯ ಅದು. ಕಳ್ಳನಿಗೂ ಅನುಕೂಲವೇ, ಒಪ್ಪಿದೆ. ಆಮೇಲೆ ಲ್ಯಾಪ್‌ಟಾಪ್‌ಗಳಲ್ಲಿ ಪಾಸ್‌ವರ್ಡು ಕರೆಂಟ್ ಇಲ್ಲದೆಯೂ ನೆನಪಿಡುವ ಪುಟ್ಟ ಚಿಪ್ಪಿಗೆ ಹೋಯ್ತು. ಬ್ಯಾಟರಿ ಕಿತ್ತರೆ ಏನೂ ಆಗಲ್ಲ. ಆದರೂ ಚಿಪ್ಪಿಗೆ ಕ್ಲಿಪ್ ಹಾಕಿ ತಿದ್ದಿ ಬರೆಯುವ ರಿಪೇರಿಯವರು ಸಿಗ್ತಾರೆ. ಈಗಿನದು ಯಂತ್ರದೊಳಗೇ ಇಲ್ಲ, ದೂರದ ಸರ್ವರ್‌ನಲ್ಲಿದೆ. ಆ್ಯಪಲ್ ಕೂಡ ಟಿ2 ಚಿಪ್ಪಿನ ಮ್ಯಾಕ್‌ಗಳಿಗೆ, 2019ರ ಕ್ಯಾಟಲಿನಾದೊಂದಿಗೆ, ಫೋನಿನಲ್ಲಿದ್ದ ಆ್ಯಕ್ಟಿವೇಷನ್ ಲಾಕನ್ನೇ ತಂದಿತು. ಹಿಂದಿನ ಯಜಮಾನ ತೆಗೀಬೇಕು, ಇಲ್ಲಾ ಮೊದಲು ಕೊಂಡಾಗಿನ ದಾಖಲೆ ತೋರಿಸಬೇಕು. ಮೂರನೇ ಕೈಗೆ ಬಂದವರ ಹತ್ತಿರ ಅದೆಲ್ಲಿರುತ್ತೆ?

ಬೀಗ ಮಾಡಿದವರನ್ನು ಬೈದರೆ ಮುಗಿಯಲ್ಲ. ಅದನ್ನ ಹಾಕಿ ಮರೆತವರು ನಾವು, ಅಂದ್ರೆ ನಮ್ಮಂಥವರ ಆಫೀಸುಗಳು. ಮೂರ್ನಾಲ್ಕು ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಹೊಸದು ಇಸ್ಕೊಳ್ತೀವಿ. ಹಳೆಯವು ಲಾಟ್ ಲೆಕ್ಕದಲ್ಲಿ ಹೊರಗೆ ಹೋಗ್ತವೆ. ಡಿಸ್ಕ್ ಒರೆಸಿದ್ದಕ್ಕೆ ಸರ್ಟಿಫಿಕೇಟ್ ಇಸ್ಕೊಂಡು ಫೈಲ್ ಮಾಡ್ತೀವಿ, ಯಾಕೆಂದ್ರೆ ಡೇಟಾ ಸೋರಿದರೆ ನಷ್ಟ ನಮಗೆ. ಸರ್ವರ್‌ನಿಂದ ಆ ಸೀರಿಯಲ್ ನಂಬರ್ ತೆಗೆಯೋದು ಕೆಲವೇ ಕ್ಲಿಕ್‌ಗಳ ಕೆಲಸ, ಅದನ್ನ ಮರೀತೀವಿ, ಯಾಕೆಂದ್ರೆ ಅದರ ನಷ್ಟ ಹಾಸನದ ಹುಡುಗಿಗೆ. ನಮ್ಮ ಆಫೀಸಿನ ರಿಟರ್ನ್ ಚೆಕ್‌ಲಿಸ್ಟ್ ತೆಗೆದು ನೋಡಿದೆ. ಚಾರ್ಜರ್, ಮೌಸ್, ಬ್ಯಾಗ್ ಎಲ್ಲಕ್ಕೂ ಒಂದೊಂದು ಸಾಲಿದೆ. ಇದಕ್ಕಿಲ್ಲ.

ಕೊನೆಗೆ ಏನು ಮಾಡಿದೆ ಅಂದ್ರೆ, ನಮ್ಮೂರಲ್ಲಿ ಎಲ್ಲರೂ ಮಾಡೋದನ್ನೇ: ಆ ಕಂಪನಿಯಲ್ಲಿ ಯಾರಾದ್ರೂ ಗೊತ್ತಾ ಅಂತ ಹುಡುಕಿದೆ. ಕಾಲೇಜಿನ ಗೆಳೆಯನೊಬ್ಬ ಸಿಕ್ಕಿದ. ಲ್ಯಾಪ್‌ಟಾಪ್ ಬೆನ್ನಿಗೆ ಅಂಟಿದ್ದ ಅರ್ಧ ಹರಿದ ಅಸೆಟ್ ಸ್ಟಿಕರ್, ಸೀರಿಯಲ್ ನಂಬರ್, ಬಿಲ್ ಮೂರರ ಫೋಟೋ ಕಳಿಸಿದೆ. ಅವನು ಐಟಿಯವರಿಗೆ ಟಿಕೆಟ್ ಹಾಕಿದ. ಅವರ ಪಟ್ಟಿಯಲ್ಲಿ ಆ ಯಂತ್ರ ಎಂದೋ ವಿಲೇವಾರಿ ಆಗಿತ್ತು, ಆಟೋಪೈಲಟ್‌ನಲ್ಲಿ ಮಾತ್ರ ಇನ್ನೂ ನೌಕರಿಯಲ್ಲಿತ್ತು. ಒಂಬತ್ತನೇ ದಿನ ತೆಗೆದರು. ಮತ್ತೆ ರಿಸೆಟ್ ಮಾಡಿದಳು, ಸ್ವಾಗತ ಬರಲಿಲ್ಲ. ಪ್ರಾಜೆಕ್ಟ್ ಮೂರು ದಿನದಲ್ಲಿ ಬರೆದು ಮುಗಿಸಿದಳು. ಗೆಳೆಯ ಇಲ್ಲದವರು ಯಾರನ್ನ ಕೇಳಬೇಕೋ!

ಬಯಾಸ್ ಪಾಸ್‌ವರ್ಡನ್ನೂ ಕೇಳಿದ್ದೆ. ಎಲ್ಲಾ ಲ್ಯಾಪ್‌ಟಾಪಿಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ದೀವಿ, ಅದಕ್ಕೇ ಕೊಡೋಕಾಗಲ್ಲ ಅಂದರು. ಅವರ ಜಾಗದಲ್ಲಿದ್ದರೆ ನಾನೂ ಕೊಡ್ತಿರಲಿಲ್ಲ. ಈಗ ಅವಳಿಗೆ ಲಿನಕ್ಸ್ ಹಾಕಿ ನೋಡೋ ಆಸೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡೋಕೆ ಎಫ್2 ಒತ್ತಿದರೆ ಪುಟ್ಟ ಬೀಗದ ಚಿತ್ರ ಬಂದು ಪಾಸ್‌ವರ್ಡ್ ಕೇಳುತ್ತೆ.