ಹದಿನಾಲ್ಕು ಮಾತ್ರೆ, ಆಮೇಲಿನ ದಾರಿ

ಆಸ್ಪಿರಿನ್ 150 ಮಿಲಿಗ್ರಾಂನವು ಎರಡು, ಕ್ಲೊಪಿಡೋಗ್ರೆಲ್ 75ರವು ನಾಲ್ಕು, ಅಟೊರ್ವಾಸ್ಟಾಟಿನ್ 10ರವು ಎಂಟು. ತಮಿಳುನಾಡು ಸರ್ಕಾರ 2023ರ ಜೂನ್‌ನಲ್ಲಿ ತಂದ ‘ಇದಯಂ ಕಾಪ್ಪೋಂ’ ಯೋಜನೆಯ ಜೀವ ಈ ಹದಿನಾಲ್ಕು ಮಾತ್ರೆಗಳಲ್ಲಿದೆ. ಹೃದಯಾಘಾತದ ಲಕ್ಷಣ ಕಂಡವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇಷ್ಟನ್ನೂ ಒಟ್ಟಿಗೆ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ನಮ್ಮ ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆಯಿಂದ ಹೊಸೂರಿಗೆ ಬಸ್ಸುಂಟು. ಅಂಚೆಟ್ಟಿ ಕಡೆಯ ಕಾಡುಹಳ್ಳಿಗಳವರಿಗೆ ಡೆಂಕಣಿಕೋಟೆಯೇ ದೂರ. ಅಂಥವರ ಹತ್ತಿರಕ್ಕೆ ಔಷಧ ತಂದಿಟ್ಟದ್ದು ದೊಡ್ಡ ಕೆಲಸ. ಬಿಪಿ, ಸಕ್ಕರೆ ಮಾತ್ರೆಗಳನ್ನು ಮನೆಬಾಗಿಲಿಗೆ ತರುವ ‘ಮಕ್ಕಳೈ ತೇಡಿ ಮರುತ್ತುವಂ’ ಕೂಡ 2021ರ ಆಗಸ್ಟ್ 5ರಂದು ಶುರುವಾದದ್ದು ಇದೇ ಜಿಲ್ಲೆಯ ಸಾಮನಪಳ್ಳಿಯಲ್ಲೇ. ತಮಿಳಿನ ‘ಮಕ್ಕಳ್’ ಅಂದರೆ ಜನ. ಕನ್ನಡದ ಕಿವಿಗೆ ಅದು ಮಕ್ಕಳನ್ನೇ ಹುಡುಕಿಕೊಂಡು ಬಂದಂತೆ ಕೇಳುತ್ತದೆ.

ಆದರೆ ಆ ಹದಿನಾಲ್ಕು ಮಾತ್ರೆಗಳು ರಕ್ತನಾಳದಲ್ಲಿ ಆಗಲೇ ಕೂತ ಹೆಪ್ಪನ್ನು ಕರಗಿಸುವುದಿಲ್ಲ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಅದು ಇನ್ನೂ ಬೆಳೆಯದಂತೆ ತಡೆಯುತ್ತವೆ, ಅಷ್ಟೇ. ನಾಳ ಪೂರ್ತಿ ಮುಚ್ಚಿದ್ದರೆ ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗಬೇಕು. ಆಗದಿದ್ದರೆ ಕರಗಿಸುವ ಇಂಜೆಕ್ಷನ್ ಮೊದಲು ಕೊಟ್ಟು, ಆಮೇಲೆ ಆಂಜಿಯೋಗ್ರಾಂಗೆ ಸಾಗಿಸಬೇಕು. ಈ ಪಾಠವನ್ನು ಲೋಕಕ್ಕೆ ತೋರಿಸಿದವರಲ್ಲಿ ತಮಿಳುನಾಡಿನ ವೈದ್ಯರೇ ಇದ್ದಾರೆ. ಕೊಯಮತ್ತೂರಿನ ಥಾಮಸ್ ಅಲೆಕ್ಸಾಂಡರ್, ಚೆನ್ನೈನ ಅಜಿತ್ ಮುಲ್ಲಸಾರಿ ಮತ್ತವರ ತಂಡ ಸಣ್ಣ ಆಸ್ಪತ್ರೆಗಳನ್ನು ದೊಡ್ಡವುಗಳಿಗೆ ಜೋಡಿಸಿ 2,420 ರೋಗಿಗಳನ್ನು ಗಮನಿಸಿತು. ವರ್ಷದೊಳಗಿನ ಸಾವು ಶೇ. 17.6ರಿಂದ 14.2ಕ್ಕೆ ಇಳಿದದ್ದು 2017ರಲ್ಲಿ ಪ್ರಕಟವಾಯಿತು. ಮಾತ್ರೆಯ ಯೋಜನೆಯನ್ನು ನಾನು ಅಳೆಯುವುದು ಈ ಅಳತೆಗೋಲಿನಿಂದ.

ಗಡಿಯಾಚೆ ಕರ್ನಾಟಕದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ಗೆ ಈ ವಿಷಯದಲ್ಲಿ ನನ್ನ ಹೆಚ್ಚಿನ ಅಂಕ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಆಸ್ಪತ್ರೆಯ ತಜ್ಞರು ನೋಡಿ ಹೇಳುತ್ತಾರೆ, ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಆದರೆ ಅದು ಅತ್ತಿಬೆಲೆ ದಾಟಿ ಈಚೆ ಬರುವುದಿಲ್ಲ.

ಮಾತ್ರೆಯ ಯೋಜನೆಯ ಇನ್ನೊಂದು ಕೊರತೆ ಕಾಗದದಲ್ಲಿ ಕಾಣದು. ಮಾತ್ರೆ ಕೊಡಬೇಕೋ ಬೇಡವೋ ಎನ್ನುವುದು ಇಸಿಜಿಯ ಜೊತೆಗೆ ರೋಗಿಯ ಮಾತನ್ನೂ ನಂಬಿಕೊಂಡಿದೆ. ‘ಎದೆ ಹಿಂಡಿದಂಗೆ ಆಗ್ತದೆ’ ಅನ್ನುವವರನ್ನು ಯಾರಾದರೂ ಗುರುತಿಸುತ್ತಾರೆ. ‘ವಾಯು ಹಿಡ್ಕೊಂಡೈತೆ’, ‘ಯಾಕೋ ಸುಸ್ತು, ಬೆವರು’ ಎನ್ನುವ ಸಕ್ಕರೆ ಕಾಯಿಲೆಯ ಅಜ್ಜಿಗೂ ಆಗಿರುವುದು ಹೃದಯಾಘಾತವೇ ಇರಬಹುದು. ಹೆಂಗಸರಲ್ಲಿ, ಸಕ್ಕರೆಯವರಲ್ಲಿ ನೋವು ಹಾಗೆ ಮರೆಯಾಗುವುದುಂಟು. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಈ ಸೀಮೆಯಲ್ಲಿ ಆ ಮಾತು ನರ್ಸಮ್ಮನ ಕಿವಿಗೆ ಸರಿಯಾಗಿ ಬೀಳಬೇಕು. ಹುಣ್ಣಿನಿಂದ ಹೊಟ್ಟೆಯಲ್ಲಿ ರಕ್ತ ಒಸರುತ್ತಿರುವವರಿಗೆ ಇದೇ ಮಾತ್ರೆಗಳು ಕೆಡುಕು ಮಾಡಿಯಾವು. ಅದನ್ನು ಕೇಳುವುದೂ ಅವರ ಮಾತಿನಲ್ಲೇ ಆಗಬೇಕು.

ಎಷ್ಟು ಜನಕ್ಕೆ ಮಾತ್ರೆ ಕೊಟ್ಟೆವೆಂಬ ಲೆಕ್ಕ ನನಗೆ ಸಾಲದು. ನೋವು ಎಷ್ಟು ಗಂಟೆಗೆ ಹತ್ತಿತು, ಇಸಿಜಿ ಎಷ್ಟಕ್ಕೆ ತೆಗೆದರು, ಇಂಜೆಕ್ಷನ್ ಎಷ್ಟಕ್ಕೆ ಬಿತ್ತು, ಅಂಚೆಟ್ಟಿಯವರಿಗೂ ಹೊಸೂರಿನವರಿಗೂ ಬೇರೆಬೇರೆಯಾಗಿ ಸರ್ಕಾರ ಬರೆದಿಟ್ಟು ತೋರಿಸಲಿ.