ಚಳಿಗಾಲದ ಬೆಳವಲ, ಕ್ಯಾಮೆರಾ ಹಿಡಿದವರಿಗೆ

ಹುಬ್ಬಳ್ಳಿ-ಧಾರವಾಡದ ಸುತ್ತ ಫೋಟೋ ತೆಗೆಯಲು ಮಳೆಗಾಲವೇ ಸೊಗಸು ಎನ್ನುವವರುಂಟು. ನನ್ನ ಮತ ಡಿಸೆಂಬರ್-ಜನವರಿಗೆ. ಕಾರಣ ಬೆಳಕು. ಮೇ ಮೊದಲ ವಾರ ಇಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನೆರಳೆಲ್ಲ ಕಾಲಡಿ ಸೇರಿ ನೆಲ ಚಪ್ಪಟೆಯಾಗುತ್ತದೆ. ಡಿಸೆಂಬರ್ ಕೊನೆಗೆ ಅದೇ ಸೂರ್ಯ ಏರುವುದು ಸುಮಾರು 51 ಡಿಗ್ರಿಯಷ್ಟೇ. ಆ ಓರೆ ಬೆಳಕಿನಲ್ಲಿ ಎರೆ ಹೊಲದ ಒಂದೊಂದು ಸಾಲು, ಒಂದೊಂದು ಬಿರುಕು ಎದ್ದು ಕಾಣುತ್ತದೆ.

ನವಲಗುಂದದ ಕಡೆ ಹೊರಟರೆ ಹಿಂಗಾರಿ ಜೋಳ, ಅದರ ಅಂಚಿಗೆ ದನ ನುಗ್ಗದಂತೆ ಬಿತ್ತಿದ ಮುಳ್ಳಿನ ಕುಸುಬಿ, ಅದರ ಹಳದಿ-ಕೇಸರಿ ಹೂ, ಕೆಳಗೆ ಕಪ್ಪು ಮಣ್ಣು. ಇಲ್ಲಿ ಕ್ಯಾಮೆರಾದ ಲೆಕ್ಕವನ್ನು ನಂಬಬಾರದು. ಚೌಕಟ್ಟಿನ ತುಂಬ ಎರೆ ಮಣ್ಣೇ ಇದ್ದರೆ ಅದು ಬೆಳಕು ಸಾಲದೆಂದು ತಿಳಿದು ಕಪ್ಪನ್ನು ಬೂದಿ ಬಣ್ಣಕ್ಕೆ ತರುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಬೇಕು. ಕೆಲಗೇರಿ ಕೆರೆಯ ಮೇಲಿನ ಮುಂಜಾವಿನ ಮಂಜಿಗೆ ಇದರ ತದ್ವಿರುದ್ಧ: ಏರಿಸಿದರೇನೇ ಬಿಳುಪು ಬಿಳುಪಾಗಿ ಉಳಿಯುವುದು.

ಮನುಷ್ಯರಿಲ್ಲದ ಚಿತ್ರವೇ ನಿಜವಾದ ನಿಸರ್ಗ ಚಿತ್ರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಬಂದ ಮನೆಮಂದಿಯನ್ನು ಬಿಟ್ಟು ಆ ಹೊಲವನ್ನು ಹೇಗೆ ತೋರಿಸುವುದು?

ಸ್ವಲ್ಪ ದೂರವಾದರೂ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಲೇಬೇಕು. 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಈ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹೊಲಗಳಲ್ಲಿ ಮೇಯ್ದು ಬೆಳಿಗ್ಗೆ ನೀರಿಗೆ ಮರಳುವ ಹಿಂಡನ್ನು ದಡದಲ್ಲೇ ಕೂತು, ಉದ್ದ ಲೆನ್ಸಿನಲ್ಲಿ ಹಿಡಿಯಿರಿ. ಹಾರುವ ಚಿತ್ರ ಬೇಕೆಂದು ಅವನ್ನು ಎಬ್ಬಿಸುವವರಿಗೆ ಕ್ಯಾಮೆರಾ ಕೊಡಬಾರದು.